ಶಾಯಿ ಹಚ್ಚುವ ಮೊದಲು

ಕೇಳುಗರಿಗೆ ನಮಸ್ಕಾರ.

ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆಯ ಶಾಯಿ 1962ರಿಂದ ದೇಶದ ಮತದಾರರ ಬೆರಳಿಗೆ ಹತ್ತುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ, ಬೆಳಕಿಗೆ ಕಪ್ಪಾಗಿ ಕೂತುಬಿಡುತ್ತದೆ. ಸೋಪು ಹಾಕಿ ಉಜ್ಜಿದರೂ ಜಗ್ಗುವುದಿಲ್ಲ. ಒಬ್ಬರೇ ಎರಡು ಸಲ ಮತ ಹಾಕದಂತೆ ತಡೆಯುವುದಕ್ಕೆ ಅಷ್ಟು ಸಾಕು. ಆದರೆ ಒಂದು ನಾಡು ತಾನಿರುವ ಒಕ್ಕೂಟದಲ್ಲೇ ಉಳಿಯಬೇಕೇ, ಹೊರಬರಬೇಕೇ ಎಂದು ಜನರನ್ನೇ ಕೇಳುವಾಗ ಕಳ್ಳಮತ ಸಣ್ಣ ತಕರಾರು. ದೊಡ್ಡವೆಲ್ಲ ಮತಗಟ್ಟೆಯ ಬಾಗಿಲು ತೆರೆಯುವ ಮುಂಚಿನವು.

ಪ್ರಶ್ನೆಯನ್ನೇ ನೋಡಿ. ಬ್ರಿಟನ್ನಿನ ಭಾಗವಾದ ಸ್ಕಾಟ್ಲೆಂಡಿನ ಸರ್ಕಾರ ಮೊದಲು ಬರೆದದ್ದು ಹೀಗೆ: ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂದು ನೀವು ಒಪ್ಪುತ್ತೀರಾ?’ ಅಲ್ಲಿನ ಚುನಾವಣಾ ಆಯೋಗ ಇದನ್ನು ಜನರ ಮುಂದಿಟ್ಟು ಪರೀಕ್ಷಿಸಿ, ‘ಒಪ್ಪುತ್ತೀರಾ’ ಬೇಡ ಎಂದಿತು. ಮನೆಗೆ ಬಂದವರನ್ನು ‘ಕಾಫಿ ಕುಡೀತೀರಾ’ ಎನ್ನುವುದಕ್ಕೂ ‘ಕಾಫಿ ಕುಡೀತೀರಲ್ವಾ’ ಎನ್ನುವುದಕ್ಕೂ ಇರುವ ವ್ಯತ್ಯಾಸ ನಮಗೇನು ಹೊಸದಲ್ಲ. ಕೊನೆಗೆ ಉಳಿದದ್ದು ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?’ ಎಂಬುದಷ್ಟೇ. 2014ರ ಸೆಪ್ಟೆಂಬರ್ 18ರಂದು ನೂರಕ್ಕೆ 84.6 ಮಂದಿ ಬಂದು ಮತ ಹಾಕಿದರು, 55.3 ಪಾಲು ‘ಬೇಡ’ ಎಂದಿತು. ಹದಿನಾರು ತುಂಬಿದವರಿಗೂ ಮತವಿತ್ತು. ಅಲ್ಲಿ ನೆಲೆಸಿದವರಿಗೆ ಹಕ್ಕು, ಲಂಡನ್ನಿಗೆ ಹೋಗಿ ನೆಲೆಸಿದ ಸ್ಕಾಟರಿಗೆ ಇಲ್ಲ.

ಕೆನಡಾದ ಕ್ವಿಬೆಕ್‌ನಲ್ಲಿ 1995ರಲ್ಲಿ ಕೇಳಿದ ಪ್ರಶ್ನೆ ಇಷ್ಟು ನೇರವಾಗಿರಲಿಲ್ಲ. ಕೆನಡಾದೊಂದಿಗೆ ಹೊಸ ಪಾಲುದಾರಿಕೆ, ಒಂದು ಮಸೂದೆ, ಜೂನ್ ತಿಂಗಳ ಒಂದು ಒಪ್ಪಂದ, ಎಲ್ಲವನ್ನೂ ಒಂದೇ ವಾಕ್ಯಕ್ಕೆ ತುರುಕಿದ್ದರು. ‘ಬೇಡ’ ಗೆದ್ದ ಅಂತರ 54,288 ಮತ. ತಿರಸ್ಕೃತ ಚೀಟಿಗಳೇ ಅದಕ್ಕಿಂತ ಹೆಚ್ಚು, 86 ಸಾವಿರ ದಾಟಿದ್ದವು. 1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಎರಡೂ ಕಡೆಯವರ ಕಿವಿ ಹಿಂಡಿತು: ಪ್ರಾಂತ್ಯ ತಾನೇ ಎದ್ದು ಹೋಗುವಂತಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು. ಈ ವಿಷಯದಲ್ಲಿ ಇದಕ್ಕಿಂತ ಹದವಾದ ತೀರ್ಪು ಕಾಣಸಿಗುವುದಿಲ್ಲ.

ಬಹುಮತ ಎಂದರೆ ಎಷ್ಟು? 1979ರಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಶಾಸನಸಭೆ ಬೇಕೇ ಎಂದು ಕೇಳಿದಾಗ, ಮತದಾರರ ಪಟ್ಟಿಯಲ್ಲಿರುವವರಲ್ಲಿ ನೂರಕ್ಕೆ ನಲವತ್ತು ಮಂದಿ ‘ಬೇಕು’ ಎನ್ನಬೇಕೆಂಬ ಷರತ್ತಿತ್ತು. ಮತ ಹಾಕಿದವರಲ್ಲಿ ಶೇಕಡಾ 51.6 ಬೇಕೆಂದರು, ಪಟ್ಟಿಯ ಲೆಕ್ಕಕ್ಕೆ ಅದು 32.9. ಬಿತ್ತು! ಮತ ಹಾಕದೆ ಮನೆಯಲ್ಲೇ ಉಳಿದವರೂ ‘ಬೇಡ’ಕ್ಕೆ ಜಮಾ ಆದಂತೆಯೇ. 2006ರಲ್ಲಿ ಸರ್ಬಿಯಾದ ಜೊತೆಗಿನ ಒಕ್ಕೂಟ ಬಿಡಲು ಹೊರಟ ಮಾಂಟೆನೆಗ್ರೊಗೆ ಐರೋಪ್ಯ ಒಕ್ಕೂಟ ಬೇರೆ ಗೆರೆ ಎಳೆಯಿತು: ಮತ ಹಾಕಿದವರಲ್ಲಿ 55. ಬಂದದ್ದು 55.5. ಗೆರೆ ಮೊದಲೇ ಇದ್ದುದರಿಂದ ಸರ್ಬಿಯಾವೂ ಒಪ್ಪಿಕೊಂಡಿತು.

ಮೊದಲೇ ಕೈಕುಲುಕದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 2017ರ ಅಕ್ಟೋಬರ್ 1ರ ಕೆಟಲೋನಿಯಾ ಸಾಕು. ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ ತಡೆದಿದ್ದರೂ ಮತದಾನ ನಡೆಯಿತು. ‘ಬೇಕು’ ಎಂದವರು ಶೇಕಡಾ ತೊಂಬತ್ತು, ಆದರೆ ಮತ ಹಾಕಿದವರೇ 43ರ ಆಸುಪಾಸು. ಬೇಡವೆನ್ನುವವರಲ್ಲಿ ಬಹುಪಾಲು ಮನೆಯಲ್ಲೇ ಕೂತರು. ಸೋತವರು ಆಟಕ್ಕೇ ಇಳಿಯದಿದ್ದರೆ ಗೆದ್ದದ್ದು ಯಾರ ಮೇಲೆ? ಸ್ಕಾಟ್ಲೆಂಡಿನಲ್ಲಿ ಹಾಗಾಗಲಿಲ್ಲ, ಏಕೆಂದರೆ ಲಂಡನ್ ಮತ್ತು ಎಡಿನ್‌ಬರೋ ಸರ್ಕಾರಗಳು 2012ರಲ್ಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದವು.

ನಮ್ಮ ಸಂವಿಧಾನದಲ್ಲಿ ಒಕ್ಕೂಟ ಬಿಟ್ಟುಹೋಗುವ ದಾರಿಯೇ ಇಲ್ಲ. ರಾಜ್ಯಗಳ ಗಡಿ ಬದಲಿಸುವಾಗಲೂ ಮೂರನೆಯ ವಿಧಿಯ ಪ್ರಕಾರ ವಿಧಾನಸಭೆಯ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. 1956ರಲ್ಲಿ ಹಳೆ ಮೈಸೂರು ವಿಶಾಲ ರಾಜ್ಯಕ್ಕೆ ಸೇರಿದಾಗ ಮಂಡ್ಯದ ರೈತನ ಕೈಗೆ ಚೀಟಿ ಕೊಟ್ಟು ಯಾರೂ ಕೇಳಲಿಲ್ಲ. ಆದರೆ ಪಕ್ಕದ ಗೋವಾದಲ್ಲಿ ಕೇಳಿದರು. 1967ರ ಜನವರಿ 16: ಮಹಾರಾಷ್ಟ್ರಕ್ಕೆ ಸೇರುವುದಾದರೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವುದಾದರೆ ಎರಡೆಲೆ. ವಿಲೀನದ ಪರವಿದ್ದ ಬಾಂದೋಡಕರ್ ಸರ್ಕಾರ ಮುಂಚೆಯೇ ರಾಜೀನಾಮೆ ಕೊಟ್ಟಿತ್ತು. ಅಖಾಡದಲ್ಲಿರುವ ಜಟ್ಟಿಯೇ ತೀರ್ಪುಗಾರನಾಗಬಾರದಲ್ಲ. ಹೂವಿಗೆ 1,38,170, ಎರಡೆಲೆಗೆ 1,72,191.

ಚೀಟಿಯಲ್ಲಿ ಮೂರನೆಯ ಗುರುತು ಇರಲಿಲ್ಲ. ಗೋವಾ ತನ್ನದೇ ರಾಜ್ಯವಾಗಲಿ ಎಂದು ಬಯಸಿದವರೂ ಎರಡೆಲೆಗೇ ಒತ್ತಬೇಕಾಯಿತು. ಆ ರಾಜ್ಯ ಹುಟ್ಟಿದ್ದು 1987ರ ಮೇ 30ರಂದು.

ನಮಸ್ಕಾರ.