ಬಿಡುಗಡೆ ತಂದ ಬಾಂಬುಗಳು

ಯುದ್ಧದಲ್ಲಿ ಸಿಕ್ಕಿಬಿದ್ದ ನಾಗರಿಕರಿಗೆ ಹೊರಗಿನವರು ಹಾಕುವ ಮೊದಲ ಪ್ರಶ್ನೆ, ನೀವು ಯಾರ ಕಡೆ ಎಂಬುದು. ಎರಡನೇ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ ಯುರೋಪಿನ ಊರುಗಳಲ್ಲಿ ನಡೆದದ್ದನ್ನು ನೋಡಿದರೆ, ಈ ಪ್ರಶ್ನೆ ಕೇಳುವವರಿಗೆ ಅನುಕೂಲವೇ ಹೊರತು ಉತ್ತರಿಸಬೇಕಾದವರಿಗಲ್ಲ ಎನ್ನಿಸುತ್ತದೆ.

ಫ್ರಾನ್ಸಿನ ಬಂದರು ಪಟ್ಟಣ ಲ ಆವ್ರ್ ನಾಲ್ಕು ವರ್ಷ ಜರ್ಮನರ ಹಿಡಿತದಲ್ಲಿ ನರಳಿತ್ತು. 1944ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೇನೆ ಅದನ್ನು ಮುತ್ತಿದಾಗ, ನಾಗರಿಕರನ್ನು ಹೊರಗೆ ಕಳುಹಿಸಲು ಅವಕಾಶ ಕೊಡಿ ಎಂದು ಕೇಳಿದವನು ಜರ್ಮನ್ ಸೇನಾಧಿಕಾರಿ, ಒಪ್ಪದವರು ಬ್ರಿಟಿಷರು. 5 ಮತ್ತು 6ನೆಯ ತಾರೀಖುಗಳ ಬ್ರಿಟಿಷ್ ಬಾಂಬು ದಾಳಿಯಲ್ಲಿ ಊರಿನ ನಡುಭಾಗ ನೆಲಸಮವಾಗಿ, ಸುಮಾರು 2,000 ನಾಗರಿಕರು ಸತ್ತರು. ವಾರದೊಳಗೆ ಊರು ಸ್ವತಂತ್ರವಾಯಿತು. ನಿಮಗಾಗಿ ಸಂತೋಷದಿಂದ ಕಾದಿದ್ದೆವು, ಶೋಕದಲ್ಲಿ ಬರಮಾಡಿಕೊಳ್ಳುತ್ತಿದ್ದೇವೆ ಎಂಬರ್ಥದ ತಲೆಬರಹವನ್ನು ಅಲ್ಲಿನ ಪತ್ರಿಕೆ ಹಾಕಿತು. ಅದರಲ್ಲಿ ನಿಷ್ಠೆಯೂ ಇದೆ, ಆಪಾದನೆಯೂ ಇದೆ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿಕೊಳ್ಳುವ ಹಕ್ಕು ನಮಗಿಲ್ಲ.

ಜರ್ಮನಿಯದೇ ನಗರವಾದ ಡ್ರೆಸ್ಡೆನ್ನಿನ ಕಥೆ ಇದಕ್ಕಿಂತ ಕಠಿಣ. ನಾಜಿಗಳು ಹುದ್ದೆಯಿಂದ ಕಿತ್ತುಹಾಕಿದ್ದ ಪ್ರೊಫೆಸರ್ ವಿಕ್ಟರ್ ಕ್ಲೆಂಪರರ್ ಎಂಬ ಯೆಹೂದಿ, ಪತ್ನಿ ಏವಾ ಯೆಹೂದಿಯಲ್ಲದ ಕಾರಣಕ್ಕೆ ಮಾತ್ರ ಅಲ್ಲಿಯವರೆಗೆ ಉಳಿದಿದ್ದರು. 1945ರ ಫೆಬ್ರವರಿ 13ರಂದು, ನಗರದಲ್ಲಿ ಉಳಿದಿದ್ದ ಕೆಲವೇ ಯೆಹೂದಿಗಳ ಮನೆಗಳಿಗೆ ಗಡೀಪಾರಿನ ನೋಟಿಸು ಹಂಚುವ ಕೆಲಸ ಅವರ ಪಾಲಿಗೇ ಬಂತು. ಹೊರಗೆ ಕೂಲಿಕೆಲಸ ಎಂದು ಅದರಲ್ಲಿ ಬರೆದಿದ್ದರೂ, ಅರ್ಥವೇನೆಂದು ಪಡೆದವರಿಗೆಲ್ಲ ಗೊತ್ತಿತ್ತು. ಅದೇ ರಾತ್ರಿ ಬ್ರಿಟಿಷ್ ವಿಮಾನಗಳು ಬಂದವು. ಊರು ಹೊತ್ತಿ ಉರಿಯುತ್ತಿದ್ದಾಗ ಏವಾ ಪುಟ್ಟ ಚಾಕುವಿನಿಂದ ಗಂಡನ ಕೋಟಿನ ಮೇಲಿದ್ದ, ಯೆಹೂದಿಗಳು ಧರಿಸಲೇಬೇಕೆಂದು ನಾಜಿಗಳು ವಿಧಿಸಿದ್ದ ಹಳದಿ ನಕ್ಷತ್ರವನ್ನು ಕಿತ್ತರು, ಮತ್ತು ಮನೆ ಕಳೆದುಕೊಂಡ ಜರ್ಮನರ ಗುಂಪಿನಲ್ಲಿ ಸೇರಿ ಇಬ್ಬರೂ ಬವೇರಿಯಾದತ್ತ ಪಾರಾದರು.

ಆ ಬೆಂಕಿ ಅವರ ಜೀವ ಉಳಿಸಿತು. ಅದೇ ಬೆಂಕಿಯಲ್ಲಿ ಸತ್ತವರಲ್ಲಿ ನಕ್ಷತ್ರ ಧರಿಸಿದ ಯೆಹೂದಿಗಳೂ ಇದ್ದರು, ಮಕ್ಕಳೂ ಇದ್ದರು, ಅಷ್ಟು ವರ್ಷ ನಕ್ಷತ್ರಗಳನ್ನು ಕಂಡೂ ಕಾಣದಂತೆ ನಡೆದವರೂ ಇದ್ದರು. ಕ್ಲೆಂಪರರ್ ಬದುಕಿದರೆಂಬುದು ದಾಳಿಗೆ ಸಮರ್ಥನೆಯಾಗದು; ನಗರ ಸುಟ್ಟಿತೆಂಬುದು ಆ ನೋಟಿಸುಗಳನ್ನು ಮರೆಸಲಾರದು.

ಮರೆಸುವ ಪ್ರಯತ್ನವಂತೂ ಬೂದಿ ಆರುವ ಮೊದಲೇ ಶುರುವಾಯಿತು. ನಾಜಿ ಪ್ರಚಾರಯಂತ್ರ ಸತ್ತವರ ಸಂಖ್ಯೆಯನ್ನು ಲಕ್ಷಗಳಿಗೆ ಏರಿಸಿತು, ಮತ್ತು 2010ರಲ್ಲಿ ಇತಿಹಾಸಕಾರರ ಆಯೋಗವೊಂದು ಅದು ಹೆಚ್ಚೆಂದರೆ 25,000 ಎಂದು ವರದಿ ಕೊಡುವವರೆಗೂ, ಕೊಟ್ಟ ಮೇಲೂ, ಹಳೆಯ ಲೆಕ್ಕವನ್ನೇ ಹಿಡಿದು ಮಾತಾಡುವವರಿದ್ದಾರೆ. ನಿಜವಾದ ಸಂಖ್ಯೆ ಸಾಲದೆಂದು ಅವರಿಗೆ ಅನ್ನಿಸುವುದೇಕೆ?