ಬಣ್ಣಕ್ಕೆ ದುಡ್ಡಿದೆ, ಮಾಳಿಗೆಗಿಲ್ಲ

ಎಲ್ಲರಿಗೂ ನಮಸ್ಕಾರ. ನನಗೆ ಮುಕ್ಕಾಲು ಗಂಟೆ ಅಂತ ಹೇಳಿದ್ದರು. ಪ್ರಾರ್ಥನೆ, ಸ್ವಾಗತ, ಹಾರ, ಶಾಲು ಎಲ್ಲ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಉಳಿದಿದೆ. ಶಾಲು ತುಂಬಾ ಚೆನ್ನಾಗಿದೆ. ಬಳ್ಳಾರಿ ಬಿಸಿಲಲ್ಲಿ ಇದನ್ನು ಯಾವ ತಿಂಗಳು ಹೊದೆಯಬೇಕು ಅಂತ ಸಂಘಟಕರು ಆಮೇಲೆ ಹೇಳಲಿ.

ಈ ಸಭೆ ಯಾವ ಕಟ್ಟಡದ ದೆಸೆಯಿಂದ ಸೇರಿದೆ ಅಂತ ನಿಮಗೆಲ್ಲ ಗೊತ್ತು. ಹೆಸರು ಎತ್ತುವುದಿಲ್ಲ. ಮಾಲೀಕರ ಕಡೆಯವರು ಬಂದಿದ್ದಾರೆ, ಬಾಡಿಗೆದಾರರೂ ಬಂದಿದ್ದಾರೆ. ಬೇರೆ ಬೇರೆ ಸಾಲಿನಲ್ಲಿ ಕೂತಿದ್ದಾರೆ. ಮಳೆಗಾಲದಲ್ಲಿ ಅದರ ಸಜ್ಜೆ ಬಿತ್ತು. ಪುಣ್ಯಕ್ಕೆ ರಾತ್ರಿ ಬಿತ್ತು. ಮಾರನೇ ದಿನದಿಂದ ಊರಲ್ಲಿ ಎರಡು ಪಕ್ಷ. ಕೆಡವಿ ಕಾಂಪ್ಲೆಕ್ಸ್ ಕಟ್ಟಿ ಅನ್ನುವವರು ಒಂದು ಕಡೆ, ಸರ್ಕಾರ ದುಡ್ಡು ಕೊಟ್ಟು ಉಳಿಸಲಿ ಅನ್ನುವವರು ಇನ್ನೊಂದು ಕಡೆ. ನಾನು ಎರಡನೇ ಪಕ್ಷದವನು. ಆದರೆ ನನ್ನ ಜಗಳ ಜಾಸ್ತಿ ನನ್ನ ಪಕ್ಷದವರ ಜೊತೆಗೇ.

ಯಾಕೆ ಅಂದರೆ, ಸರ್ಕಾರದ ದುಡ್ಡು ಅಂದ ಕೂಡಲೇ ನಮ್ಮವರ ಕಣ್ಣು ಕಟ್ಟಡದ ಮುಖಕ್ಕೆ ಹೋಗುತ್ತದೆ. ಬಣ್ಣ, ಎಲ್‌ಇಡಿ ದೀಪ, ಉದ್ಘಾಟಕರ ಹೆಸರಿನ ಗ್ರಾನೈಟ್ ಕಲ್ಲು. ನಾನು ಇಂಜಿನಿಯರ್ ಕೆಲಸದಲ್ಲಿದ್ದಾಗ ಒಂದು ಹಳೇ ಕಟ್ಟಡಕ್ಕೆ ಎರಡು ಸಲ ಬಣ್ಣ ಆಗಿದ್ದನ್ನು ಕಂಡಿದ್ದೇನೆ. ಎರಡು ಸಲವೂ ಒಳಗೆ ಸೋರುವ ಕಡೆ ಬಕೆಟ್ ಇಟ್ಟಿದ್ದರು. ಎರಡನೇ ಸಲ ಬಕೆಟ್ ಮಾತ್ರ ಹೊಸದಾಗಿತ್ತು.

ನಮ್ಮ ಪೇಟೆಯ ಹಳೇ ಕಟ್ಟಡಗಳನ್ನು ಸ್ವಲ್ಪ ತಲೆ ಎತ್ತಿ ನೋಡಿ. ಬ್ರೂಸ್‌ಪೇಟೆ ಇರಲಿ, ಕಾಳಮ್ಮ ಬೀದಿ ಇರಲಿ, ಕೆಳಗೆ ಅಂಗಡಿ, ಮೇಲೆ ಮನೆ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದರು, ದಂಡು ಬಂತು, ದಂಡಿನ ಬೆನ್ನಿಗೆ ವ್ಯಾಪಾರ ಬಂತು. 1953ರ ಅಕ್ಟೋಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಮದ್ರಾಸಿನವರೇ ಅಲ್ವಾ? ರಾಜ್ಯ ಬದಲಾಯಿತು. ತಲೆ ಮೇಲಿನ ಮಾಳಿಗೆ ಮಾತ್ರ ಇವತ್ತಿಗೂ ಮದ್ರಾಸಿನದೇ.

ಮದ್ರಾಸ್ ಟೆರೇಸ್ ಅನ್ನುತ್ತಾರೆ. ತೇಗದ ತೊಲೆ ಸಾಲಾಗಿ ಹಾಕಿ, ತೆಳ್ಳನೆಯ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಒಂದಕ್ಕೊಂದು ಕಚ್ಚಿಸುತ್ತಾ ಹೋಗುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಚ್ಚು. ಅದನ್ನು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯಬೇಕು. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೀರು. ಕೊನೆಗೆ ಮೇಲೆ ಚಪ್ಪಟೆ ಹೆಂಚು. ಇಂಥ ಮಾಳಿಗೆಯ ಕೆಳಗೆ ಏಪ್ರಿಲ್ ತಿಂಗಳಲ್ಲೂ ಮಧ್ಯಾಹ್ನ ಮಲಗಿ ನಿದ್ದೆ ಮಾಡಬಹುದು. ಮಾಡಿದವರು ಇಲ್ಲಿ ಬಹಳ ಜನ ಇದ್ದೀರಿ. ಕೆಲವರು ಈಗಲೂ ಮಾಡುತ್ತಿದ್ದೀರಿ, ಪರವಾಗಿಲ್ಲ.

ಸರಿ, ಇದು ಸೋರಿತು ಅಂತಿಟ್ಟುಕೊಳ್ಳಿ. ಏನು ಮಾಡುತ್ತೇವೆ? ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಸುರಿಯುತ್ತೇವೆ. ಲೆಕ್ಕ ಹಾಕಿ. ಹತ್ತಡಿಗೆ ಹತ್ತಡಿ ಕೋಣೆ, ನಾಲ್ಕು ಇಂಚು ದಪ್ಪ. ಎರಡು ಟನ್‌ಗೂ ಜಾಸ್ತಿ ಭಾರ. ಆ ತೇಗದ ತೊಲೆ ನಿಮಗೆ ಏನು ಅನ್ಯಾಯ ಮಾಡಿತ್ತು? ಗೋಡೆಗೆ ಸಿಮೆಂಟ್ ಗಿಲಾವು ಮಾಡುತ್ತೇವೆ. ಸುಣ್ಣದ ಗೋಡೆ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಒಳಗೇ ಉಳಿದ ನೀರು ತೊಲೆಯ ತುದಿಯನ್ನು, ಗೋಡೆಯೊಳಗೆ ಕೂತ ಭಾಗವನ್ನೇ ಕೊಳೆಸುತ್ತದೆ. ಕೆಳಗಿನಿಂದ ನೋಡಿದರೆ ತೊಲೆ ಗಟ್ಟಿ. ಒಂದು ದಿನ ಸಜ್ಜೆ ಬೀಳುತ್ತದೆ. ಆಗ ಹಳೇ ಕಾಲದ ಕಟ್ಟಡ, ಆಯುಸ್ಸು ಮುಗಿದಿತ್ತು ಅಂತ ಪಂಚನಾಮೆ ಬರೆಯುತ್ತೇವೆ.

ಈಗ ಅರಳಿ ಗಿಡದ ಕತೆ. ಕೆಲವರು ಕೇಳಿದ್ದೀರಿ, ಇನ್ನೊಮ್ಮೆ ಕೇಳಿ. ಒಂದು ಜವಳಿ ಅಂಗಡಿ, ಮೇಲೆ ಮನೆ. ಮನೆಯಲ್ಲಿ ಒಬ್ಬ ಮೇಷ್ಟ್ರ ಸಂಸಾರ ಬಾಡಿಗೆಗೆ ಇತ್ತು. ಅವರು ನಿವೃತ್ತಿಯಾಗಿ ಊರಿಗೆ ಹೋದರು. ಮೇಲಿನ ಮನೆಗೆ ಬೀಗ ಬಿತ್ತು. ಸ್ವಲ್ಪ ದಿನಕ್ಕೆ ಪ್ಯಾರಾಪೆಟ್ ಗೋಡೆಯಲ್ಲಿ ಅರಳಿ ಗಿಡ. ನಾಲ್ಕೇ ಎಲೆ. ಕೆಳಗಿನ ಅಂಗಡಿಯವರು ಮಾಲೀಕರಿಗೆ ಹೇಳಿದರು. ಮಾಲೀಕರು, "ನೀವು ಕೊಡುವ ಬಾಡಿಗೆಯಲ್ಲಿ ಒಂದು ಮೂಟೆ ಸಿಮೆಂಟೂ ಬರಲ್ಲ, ನೀವೇ ಕೀಳಿಸಿ" ಅಂದರು. ಅಂಗಡಿಯವರು, "ಇವತ್ತು ಗಿಡ ಕೀಳಿಸಿದರೆ ನಾಳೆ ಮಾಳಿಗೆ ರಿಪೇರಿಯೂ ನನ್ನದೇ ಅಂತೀರಿ" ಅಂದರು. ಎರಡೂ ಮಾತು ನಿಜವೇ.

ಕೊನೆಗೆ ಒಬ್ಬ ಗೌಂಡಿಯನ್ನು ಕರೆದರು. ಅವನು ಏಣಿ ಹತ್ತಿ ನೋಡಿ ಇಳಿದುಬಂದ. "ಅರಳಿಗೆ ನಾನು ಕೈ ಹಚ್ಚಲ್ಲ ಸಾಹುಕಾರ್ರೇ, ಮನೆಯಲ್ಲಿ ಮಗಳ ಮದುವೆ ಇದೆ." ಪುರೋಹಿತರನ್ನು ಕೇಳಿದರು. ಅದಕ್ಕೇನಂತೆ, ಒಂದು ಪೂಜೆ ಮಾಡಿ ತೆಗೆಯಬಹುದು ಅಂದರು. ಎಲ್ಲರೂ ಒಪ್ಪಿದರು. ಪೂಜೆಗೆ ಕೂತಾಗ ಪುರೋಹಿತರು ಕೇಳಿದರು, ಸಂಕಲ್ಪ ಯಾರ ಹೆಸರಲ್ಲಿ? ಅಲ್ಲಿಗೆ ನಿಂತಿತು! ಸಂಕಲ್ಪ ಮಾಡಿದವರೇ ಜವಾಬ್ದಾರರು ಆಗುತ್ತಾರೆ ಅಂತ ಇಬ್ಬರಿಗೂ ಅನುಮಾನ. ಇಬ್ಬರೂ ವಕೀಲರ ಹತ್ತಿರ ಹೋದರು. ವಕೀಲರು ಇಬ್ಬರಿಗೂ, ಸುಮ್ನೆ ಇರಿ ಅಂದರು. ಫೀಸು ತಗೊಂಡೇ ಅಂದರು.

ಗಿಡ ಸುಮ್ಮನಿರಲಿಲ್ಲ. ಅಷ್ಟರಲ್ಲಿ ಓಣಿಯ ಅಜ್ಜಿಯೊಬ್ಬರು ಶನಿವಾರ ಕೆಳಗಿನಿಂದಲೇ ಅದಕ್ಕೆ ಕೈ ಮುಗಿಯಲು ಶುರು ಮಾಡಿದರು. ಅವರನ್ನು ನೋಡಿ ಇನ್ನಿಬ್ಬರು. ಕಚೇರಿಯಿಂದ ನೋಟಿಸ್ ಬಂತು, ಮಾಲೀಕರಿಗೂ ಬಾಡಿಗೆದಾರರಿಗೂ. ಇಬ್ಬರೂ ಜೊತೆಯಾಗಿ ಒಂದೇ ಆಟೋದಲ್ಲಿ ಹೋಗಿ ಅದಕ್ಕೆ ತಕರಾರು ಕೊಟ್ಟು ಬಂದರು. ಅವರು ಒಟ್ಟಿಗೆ ಮಾಡಿದ ಕೆಲಸ ಅದೊಂದೇ. ಒಂದು ದೀಪಾವಳಿಗೆ ಅಂಗಡಿ ಸ್ವಚ್ಛ ಮಾಡುವಾಗ ಪಂಚೆ ಇಡುವ ಕಪಾಟನ್ನು ಎಳೆದರು. ಹಿಂದೆ ಗೋಡೆ ಸೀಳಿಕೊಂಡು ಹೆಬ್ಬೆರಳು ಗಾತ್ರದ ಬೇರು ನಿಂತಿತ್ತು. ಎರಡು ಅಂತಸ್ತು ಇಳಿದು ಬಂದಿತ್ತು.

ಇದರಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಮೇಷ್ಟ್ರು ಇದ್ದಾಗ ಗಿಡ ಯಾಕೆ ಬೆಳೆಯಲಿಲ್ಲ? ಅರಳಿ ಬೀಜ ತಂದು ಉದುರಿಸುವ ಹಕ್ಕಿಗಳು ಆಗಲೂ ಇದ್ದವಲ್ಲ. ಮೇಷ್ಟ್ರ ಹೆಂಡತಿ ಹಪ್ಪಳ ಸಂಡಿಗೆ ಒಣಗಿಸಲು ಮಾಳಿಗೆ ಹತ್ತುತ್ತಿದ್ದರು. ಎರಡೆಲೆ ಕಂಡರೆ ಚಿವುಟಿ ಎಸೆಯುತ್ತಿದ್ದರು. ಸಂಕಲ್ಪ ಇಲ್ಲ, ನೋಟಿಸ್ ಇಲ್ಲ. ಮೊದಲ ಹನಿ ಸೋರಿದರೆ ಅದು ಮಲಗಿದವರ ಮೈಮೇಲೆ ಬೀಳುತ್ತದೆ, ಅವರು ಅವತ್ತೇ ಗಲಾಟೆ ಮಾಡುತ್ತಾರೆ. ಮೇಲೆ ಬೀಗ ಹಾಕಿದರೆ ಆ ಹನಿ ಕೆಳಗಿನ ಅಂಗಡಿಗೆ ಕಾಣುವಷ್ಟರಲ್ಲಿ ತೊಲೆ ಹೋಗಿರುತ್ತದೆ. ಅದಕ್ಕೇ ನಾನು ಹೇಳುವುದು, ಸಾರ್ವಜನಿಕರ ದುಡ್ಡು ಕೊಡಿ, ಮಾಳಿಗೆಗೆ ಕೊಡಿ, ಮಾಳಿಗೆಯ ಕೆಳಗೆ ಜನ ಇರುವ ಹಾಗೆ ಕೊಡಿ. ಬೆಳಗ್ಗೆ ಒಂಬತ್ತಕ್ಕೆ ತೆರೆದು ರಾತ್ರಿ ಒಂಬತ್ತಕ್ಕೆ ಮುಚ್ಚುವ ಅಂಗಡಿಗಳಿಂದ ಮಾತ್ರ ಈ ಕಟ್ಟಡಗಳು ಉಳಿಯುವುದಿಲ್ಲ.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಗೊತ್ತಲ್ಲ. 1892ರದು. 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಆಮೇಲೆ ಉಳಿಸಬೇಕೋ ಕೆಡವಬೇಕೋ ಅಂತ ವರ್ಷಗಟ್ಟಲೆ ಚರ್ಚೆ. ಅರಮನೆಯ ಊರಿನ ಪಾಡೇ ಹೀಗಾದರೆ ನಮ್ಮ ಪಾಡೇನು ಹೇಳಿ.

ಈಗ ದುಡ್ಡಿನ ವಿಷಯ. ಬಳ್ಳಾರಿಯಲ್ಲಿ ದುಡ್ಡಿಗೇನು ಬರ, ಡಿಎಂಎಫ್ ಇದೆಯಲ್ಲ ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು. ಬೇಡ. 2015ರಲ್ಲಿ ಗಣಿ ಕಾಯ್ದೆ ತಿದ್ದುಪಡಿ ಆಗಿ ಈ ಡಿಎಂಎಫ್, ಅಂದರೆ ಜಿಲ್ಲಾ ಖನಿಜ ಪ್ರತಿಷ್ಠಾನ, ಬಂತು. ಹಳೇ ಗುತ್ತಿಗೆಯವರು ರಾಯಲ್ಟಿಯ 30 ಪರ್ಸೆಂಟ್, ಹರಾಜಿನಲ್ಲಿ ಪಡೆದವರು 10 ಪರ್ಸೆಂಟ್ ಅದಕ್ಕೆ ಕಟ್ಟಬೇಕು. ಅದು ಸಂಡೂರು ಕಡೆ ಕೆಂಪು ಧೂಳು ಕುಡಿದವರ ದುಡ್ಡು. ಅವರ ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಹೋಗಲಿ. ನಮ್ಮ ಪೇಟೆಯ ತೊಲೆಗೆ ಅದನ್ನು ಕೇಳಲು ನನಗೆ ಬಾಯಿ ಬರುವುದಿಲ್ಲ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಅಲ್ಲಿ ಕೇಳಬಹುದು. ಆದರೆ ಖಾಸಗಿ ಆಸ್ತಿಗೆ ಹೇಗೆ ಕೊಡಲಿ ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ತಗೊಂಡೇ ಹೋಗಬೇಕು.

ಅಮೆರಿಕದಲ್ಲಿ ಹೇಗೆ ಮಾಡುತ್ತಾರೆ ನೋಡಿ. ಬಾಡಿಗೆಯೋ ವ್ಯಾಪಾರವೋ ನಡೆಯುವ ಚಾರಿತ್ರಿಕ ಕಟ್ಟಡವನ್ನು ನಿಯಮದ ಪ್ರಕಾರ ದುರಸ್ತಿ ಮಾಡಿದರೆ, ಅರ್ಹ ಖರ್ಚಿನ 20 ಪರ್ಸೆಂಟಿನಷ್ಟು ತೆರಿಗೆ ಬಿಡುತ್ತಾರೆ. ಕೆಲಸ ಮುಗಿದ ಮೇಲೆಯೇ ಬಿಡುವುದು. ಐದು ವರ್ಷದೊಳಗೆ ಮಾರಿದರೆ ಲೆಕ್ಕ ಹಾಕಿ ವಾಪಸ್ ಕಿತ್ತುಕೊಳ್ಳುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಅಹಮದಾಬಾದಿನಲ್ಲಿ ಪೋಳು ಅನ್ನುವ ಹಳೇ ಓಣಿಗಳ ಪಾರಂಪರಿಕ ಮನೆಯವರು ತಾವು ಕಟ್ಟದೆ ಬಿಟ್ಟ ಅಂತಸ್ತಿನ ಹಕ್ಕನ್ನು ಬೇರೆಯವರಿಗೆ ಮಾರಿ ಆ ದುಡ್ಡಿನಲ್ಲಿ ರಿಪೇರಿ ಮಾಡಿಸಬಹುದು. ಇಲ್ಲಿ ಅದು ನಡೆಯುತ್ತದಾ? ನಮ್ಮಲ್ಲಿ ಆ ಹಕ್ಕನ್ನು ಕೊಳ್ಳುವ ಬಿಲ್ಡರ್‌ಗಳು ಅಷ್ಟಿಲ್ಲ ಅಂತ ನನ್ನ ಅನಿಸಿಕೆ.

ಚೀಟಿ ಬಂತು. ಹತ್ತು ನಿಮಿಷ ಇರಬೇಕಿತ್ತು, ಐದು ಅಂತ ಬರೆದಿದ್ದಾರೆ. ಬೇಗ ಹೇಳುತ್ತೇನೆ.

ಪಾಲಿಕೆ ಬಜೆಟ್ಟಿನಲ್ಲಿ ಇದಕ್ಕೆ ಅಂತಲೇ ಒಂದು ಬಾಬ್ತು ಇಡಲಿ. ಅರ್ಧ ಮಾಲೀಕರದು, ಅರ್ಧ ಪಾಲಿಕೆಯದು. ಪಾಲಿಕೆಯ ಅರ್ಧ ಮಾಳಿಗೆ, ತೊಲೆ, ನೀರು ಹೋಗುವ ದೋಣಿಗೆ ಮಾತ್ರ. ಬಣ್ಣ ಮಾಲೀಕರ ಖರ್ಚು, ಅವರಿಗೆ ಇಷ್ಟ ಬಂದದ್ದು ಬಳಿಯಲಿ. ಕಂತಿನಲ್ಲಿ ಕೊಡಿ. ಮೊದಲ ಮಳೆ ಬಿದ್ದು ಸೋರಲಿಲ್ಲ ಅಂತಾದ ಮೇಲೆ ಕೊನೇ ಕಂತು. ಕಂಟ್ರಾಕ್ಟರ್ ಮಿತ್ರರು ಮುಖ ಸಿಂಡರಿಸುತ್ತಿದ್ದಾರೆ, ಕಾಣಿಸುತ್ತಿದೆ.

ಮಹಡಿ ಮನೆಗೆ ಜನ ಬರಬೇಕು, ಅದು ಕರಾರಿನಲ್ಲಿ ಇರಲಿ. ಗೋಡೌನ್ ಮಾಡಿದರೆ ದುಡ್ಡು ವಾಪಸ್. ಹತ್ತು ವರ್ಷ ಕೆಡವುವ ಹಾಗಿಲ್ಲ. ಕೆಳಗಿನ ಬಾಡಿಗೆದಾರರನ್ನು ಆ ನೆಪದಲ್ಲಿ ಬಿಡಿಸುವ ಹಾಗೂ ಇಲ್ಲ. 1999ರ ಬಾಡಿಗೆ ಕಾಯ್ದೆಯಲ್ಲಿ ರಕ್ಷಣೆ ಉಳಿದಿರುವುದು 14 ಚದರ ಮೀಟರ್ ಮೀರದ ಪುಟ್ಟ ಅಂಗಡಿಗಳಿಗೆ ಮಾತ್ರ, ದೊಡ್ಡ ಅಂಗಡಿಯವರಿಗೆ ಕರಾರೇ ಗತಿ. ಆದರೆ ಬಾಡಿಗೆದಾರರೇ, ನೀವೂ ಬಾಡಿಗೆ ಸ್ವಲ್ಪ ಏರಿಸಿಕೊಳ್ಳಬೇಕು. ಆ ಸಾಲಿನಿಂದ ಚಪ್ಪಾಳೆ ಬರಲಿಲ್ಲ, ಇರಲಿ.

ಯಾವ ಕಟ್ಟಡ ಅಂತ ತೀರ್ಮಾನ ಮಾಡುವವರು ಯಾರು? ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ ಅಂತ ಘೋಷಿಸುವ ಅಧಿಕಾರ ಯೋಜನಾ ಪ್ರಾಧಿಕಾರಕ್ಕಿದೆ. ಅಂದರೆ ನಮ್ಮ ಬುಡಾಗೆ, ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ. ಪಟ್ಟಿ ಮೊದಲು ಅಲ್ಲಿ ಆಗಬೇಕು. ಸುಣ್ಣದ ಕೆಲಸ ಬಲ್ಲ ಗೌಂಡಿಗಳ ವಿಷಯ ಬಿಟ್ಟೇ ಹೋಯಿತು. ಅವರಿಗೆ ಮದುವೆಮನೆ ಕಮಾನು ಕಟ್ಟುವುದರಲ್ಲೇ ಜಾಸ್ತಿ ಸಿಗುತ್ತದೆ, ಅದು ಬೇರೆ ದಿನದ ಮಾತು.

ಬುಡಾಗೆ ಕೊಡುವ ಮನವಿ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಎರಡು ಸಹಿ ಮುಖ್ಯ, ಮಾಲೀಕರದು ಮತ್ತು ಬಾಡಿಗೆದಾರರದು. ಯಾರು ಮೊದಲು ಹಾಕಬೇಕು ಅಂತ ದಯವಿಟ್ಟು ವಕೀಲರನ್ನು ಕೇಳಲು ಹೋಗಬೇಡಿ. ಪ್ರಶ್ನೆ ಇದ್ದರೆ ಈಗ ಕೇಳಿ, ಅಧ್ಯಕ್ಷರು ಇನ್ನೂ ಎದ್ದಿಲ್ಲ.