ಸಂಘದ ಕಚೇರಿಗೆ ಎಂಥ ಸರ್ವರ್ ಬೇಕು?

ಸಹಕಾರಿ ಸಂಘಗಳ ಕಾರ್ಯದರ್ಶಿಗಳೆ, ಸಿಬ್ಬಂದಿ ಮಿತ್ರರೆ, ಎಲ್ಲರಿಗೂ ನಮಸ್ಕಾರ.

ಸರ್ವರ್, ಅಂದರೆ ಕಚೇರಿಯ ಉಳಿದ ಕಂಪ್ಯೂಟರುಗಳಿಗೆಲ್ಲ ಲೆಕ್ಕ-ಕಡತ ಒದಗಿಸುವ ಮುಖ್ಯ ಕಂಪ್ಯೂಟರ್, ಕೊಳ್ಳುವ ಮಾತು ಬಂದರೆ ಆಡಳಿತ ಮಂಡಳಿಯಲ್ಲಿ ಮೊದಲು ಕೇಳುವುದು ‘ಪ್ರೊಸೆಸರ್ ಯಾವುದು?’ ಅಂತ. ಶಿರಸಿ ಸೀಮೆಯ ಸಂಘಕ್ಕೆ ಅದು ಕೊನೆಯ ಪ್ರಶ್ನೆಯಾಗಬೇಕು. ಎಂಟು-ಹತ್ತು ಜನ ಕುಳಿತು ಬೆಳೆಸಾಲ, ಠೇವಣಿ, ಅಡಿಕೆ ವಹಿವಾಟಿನ ಲೆಕ್ಕ ಬರೆಯುವುದಕ್ಕೆ ನಾಲ್ಕು ಕೋರ್‌ನ ಸಾಧಾರಣ ಪ್ರೊಸೆಸರ್, 16 ಜಿಬಿ ಮೆಮೊರಿ ಸಾಮಾನ್ಯವಾಗಿ ಧಾರಾಳ. ಮೆಮೊರಿ ಮಾತ್ರ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಜಾತಿಯದಿರಲಿ. ಉಳಿಸಿದ ಹಣ ಕರೆಂಟಿನ ರಕ್ಷಣೆಗೆ, ಡಿಸ್ಕಿಗೆ, ಬ್ಯಾಕಪ್‌ಗೆ ಹೋಗಲಿ.

ಕರೆಂಟಿನಿಂದಲೇ ಶುರು ಮಾಡೋಣ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ್ದು ನಮಗೆ ಹೊಸದಲ್ಲ. ಅದಕ್ಕಿಂತ ಅಪಾಯದ್ದು, ಹೋಗಿ ಬಂದು ಮತ್ತೆ ಹೋಗುವ ಕರೆಂಟು. ಖಾತೆ ಡಿಸ್ಕಿಗೆ ಇಳಿಯುತ್ತಿರುವಾಗಲೇ ಸರ್ವರ್ ಆರಿದರೆ ಡೇಟಾಬೇಸ್ ಕೆಡಬಹುದು. ಮನೆಬಳಕೆಯ ಇನ್ವರ್ಟರ್ ಒಂದನ್ನೇ ನಂಬಬೇಡಿ, ಅದು ಬ್ಯಾಟರಿಗೆ ಬದಲಾಗುವ ಕ್ಷಣದಲ್ಲೇ ಸರ್ವರ್ ರೀಸ್ಟಾರ್ಟ್ ಆದೀತು. ಯುಎಸ್‌ಬಿ ಕೇಬಲ್ಲಿನಿಂದ ಸರ್ವರ್ ಜೊತೆ ಮಾತಾಡಬಲ್ಲ ಯುಪಿಎಸ್ ತಗೊಳ್ಳಿ. ಬ್ಯಾಟರಿ ತಳ ಕಂಡಾಗ ಸರ್ವರ್ ತಾನಾಗಿ ಕ್ರಮವಾಗಿ ಬಂದ್ ಆಗುವಂತೆ ಮಾಡಬಹುದು. ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್‌ನಲ್ಲಿ ಇದಕ್ಕೆ ‘ನಟ್’ ಎಂಬ ಉಚಿತ ತಂತ್ರಾಂಶವೇ ಇದೆ. ವೋಲ್ಟೇಜ್ ತೀರಾ ಏರಿಳಿಯುವ ಕಡೆ ದುಬಾರಿಯಾದರೂ ಕರೆಂಟನ್ನು ಸದಾ ತಾನೇ ಹದಮಾಡಿ ಕೊಡುವ ‘ಆನ್‌ಲೈನ್’ ಜಾತಿಯ ಯುಪಿಎಸ್ಸೇ ಸರಿ.

ಏಪ್ರಿಲ್-ಮೇ ತಿಂಗಳ ಸಿಡಿಲು ಕರೆಂಟಿನ ತಂತಿಯಲ್ಲಷ್ಟೇ ಬರುವುದಿಲ್ಲ. ಕಚೇರಿಯಿಂದ ಗೋದಾಮಿಗೆ ಎಳೆದ ನೆಟ್‌ವರ್ಕ್ ಕೇಬಲ್ ತಾಮ್ರದ್ದು, ಆ ದಾರಿಯಲ್ಲೂ ಬಂದು ಸ್ವಿಚ್, ಸರ್ವರ್ ಎರಡನ್ನೂ ಸುಡುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಲೋಹದ ಎಳೆಯಿಲ್ಲದ ಆಪ್ಟಿಕಲ್ ಫೈಬರ್ ಹಾಕಿಸಿ, ಗಾಜಿನಲ್ಲಿ ಕರೆಂಟು ಹರಿಯದು. ಅರ್ಥಿಂಗ್ ಅನ್ನು ಮಳೆಗಾಲಕ್ಕೆ ಮುಂಚೆ ಅಳೆಸಿ ನೋಡಿ.

ಕಾರವಾರ, ಅಂಕೋಲಾ, ಕುಮಟಾದಿಂದ ಬಂದವರಿಗೆ ಇನ್ನೊಂದು ಮಾತು. ಉಪ್ಪುಗಾಳಿ ಲೋಹದ ಸಂಪರ್ಕಗಳನ್ನು ತಿನ್ನುತ್ತದೆ. ಸರ್ವರ್ ಕೋಣೆಯ ಕಿಟಕಿ ಮುಚ್ಚಿರಲಿ, ತಂಪಿಗೆ ಎಸಿ ಇರಲಿ.

ಡಿಸ್ಕ್ ಎರಡು ಬೇಕು, ರೇಡ್ 1 ವಿಧಾನದಲ್ಲಿ. ಬರೆದದ್ದೆಲ್ಲ ಎರಡರಲ್ಲೂ ಬೀಳುವುದರಿಂದ ಒಂದು ಹಾಳಾದರೂ ಕೌಂಟರ್ ನಿಲ್ಲುವುದಿಲ್ಲ. ತಿರುಗುವ ತಟ್ಟೆಯಿಲ್ಲದ, ಚಿಪ್ಪಿನಲ್ಲೇ ಬರೆಯುವ ಎಸ್‌ಎಸ್‌ಡಿ ಡಿಸ್ಕ್ ಆದರೆ ಕರೆಂಟು ಹೋದ ಗಳಿಗೆಯಲ್ಲಿ ಕೈಯಲ್ಲಿದ್ದದ್ದನ್ನು ಬರೆದು ಮುಗಿಸುವ ಕೆಪಾಸಿಟರ್ ಇರುವಂಥದ್ದನ್ನು ಕೇಳಿ ಪಡೆಯಿರಿ. ಆದರೆ ರೇಡ್ ಬ್ಯಾಕಪ್ ಅಲ್ಲ! ಕಡತ ಅಳಿಸಿಹೋದರೆ ಎರಡೂ ಕಡೆ ಅಳಿಯುತ್ತದೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕರೆ ಎರಡೂ ಕಡೆ ಹೊಗುತ್ತದೆ.

ಇನ್ನು ತಂತ್ರಾಂಶ. ನನ್ನ ಒಲವು ಲಿನಕ್ಸ್ ಕಡೆಗೆ. ಕಡತ ಹಂಚಿಕೊಳ್ಳುವುದಷ್ಟೇ ಇದ್ದರೆ ಲಿನಕ್ಸ್‌ನ ಡೆಬಿಯನ್ ಅಥವಾ ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿಯ ಮೇಲೆ ಕಡತ ಹಂಚುವ ಸಾಂಬಾ ತಂತ್ರಾಂಶ ಹಾಕಿದರೆ ವಿಂಡೋಸ್ ಕಂಪ್ಯೂಟರ್‌ಗಳೆಲ್ಲ ನೆಮ್ಮದಿಯಾಗಿ ಕೂಡಿಕೊಳ್ಳುತ್ತವೆ, ಲೈಸೆನ್ಸ್ ಖರ್ಚೂ ಇಲ್ಲ. ಆದರೆ ನಿಮ್ಮ ಲೆಕ್ಕದ ತಂತ್ರಾಂಶ ವಿಂಡೋಸನ್ನೇ ಬೇಡಿದರೆ, ಅಥವಾ ಕರೆದರೆ ಬರುವ ಹುಡುಗನಿಗೆ ಅದೊಂದೇ ಗೊತ್ತಿದ್ದರೆ, ವಿಂಡೋಸ್ ಸರ್ವರನ್ನೇ ತಗೊಳ್ಳಿ. ಕೊಟೇಶನ್‌ನಲ್ಲಿ ಬಳಕೆದಾರರ ಲೈಸೆನ್ಸ್ ಸೇರಿದೆಯೇ ಎಂದು ಕೇಳಿ. ಆವೃತ್ತಿಯ ಆಯಸ್ಸೂ ನೋಡಿ. ವಿಂಡೋಸ್ ಸರ್ವರ್ 2012ಕ್ಕೆ ವಿಸ್ತರಿತ ಬೆಂಬಲವೂ ನಿಂತದ್ದು 2023ರ ಅಕ್ಟೋಬರ್‌ನಲ್ಲಿ, 2016ರ ಆವೃತ್ತಿಯದು 2027ರ ಜನವರಿಗೆ ಮುಗಿಯುತ್ತದೆ. ಅಗ್ಗವೆಂದು ಹಳೆಯದನ್ನು ಹಾಕಿಸಿಕೊಳ್ಳಬೇಡಿ.

ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಟೈಪಿಸಿದ ಠರಾವು-ಪತ್ರಗಳನ್ನು ಹೊಸ ಸರ್ವರಿಗೆ ಸಾಗಿಸುವಾಗಲೇ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರಗಳಿಗೆ ಬದಲಿಸಿ. ಇಲ್ಲದಿದ್ದರೆ ಸದಸ್ಯರ ಹೆಸರು ಹಾಕಿ ಹುಡುಕಿದರೆ ಒಂದೂ ಸಿಗುವುದಿಲ್ಲ.

ಬ್ಯಾಕಪ್‌ಗೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಹೊರಗಿನ ಡಿಸ್ಕನ್ನು ಕೆಲಸ ಮುಗಿದೊಡನೆ ಬಿಚ್ಚಿಡಿ. ಸಿಕ್ಕಿಸಿಯೇ ಬಿಟ್ಟರೆ ಸಿಡಿಲಿಗೂ ವೈರಸ್ಸಿಗೂ ಅದೂ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿ, ನಾಲ್ಕಾರು ಸದಸ್ಯರ ಬಾಕಿ, ಒಂದು ದಿನದ ರೋಜು (ದಿನದ ಲೆಕ್ಕ) ತಾಳೆ ನೋಡಿ. ನೋಡಿದವರು ತಾರೀಕು ಹಾಕಿ ರಿಜಿಸ್ಟರಿನಲ್ಲಿ ಸಹಿ ಮಾಡಲಿ.

ಈಗ ನೀವು ತಂದ ಕೊಟೇಶನ್‌ಗಳನ್ನು ಒಂದೊಂದಾಗಿ ಬಿಡಿಸೋಣ.